ರಟ್ಟಿನೊಳಗೆ ಅವಿತ ಕಪ್ಪೆಗಳು

ಹಕ್ಕಿಗಳಿಗೆ ಮಾತು, ಮನುಷ್ಯರಿಗೆ ಪುರುಸೊತ್ತು, ಎರಡೂ ಇದ್ದ ಕಾಲದಲ್ಲಿ ಒಂದು ಊರಿತ್ತು. ಆ ಊರಿನವರೆಲ್ಲ ಸೇರಿ ಒಂದು ಬಾವಿ ತೋಡಿದರು. ಒಬ್ಬ ಗುದ್ದಲಿ ತಂದ, ಒಬ್ಬಳು ಬುಟ್ಟಿ ತಂದಳು, ಕೈಲಾಗದವರು ದಂಡೆಯ ಮೇಲೆ ಕೂತು ಹಾಡು ಹೇಳಿದರು. ಸಿಹಿನೀರು ಬಂತು. ನೀರಿಗೆ ಎಲೆ ಬೀಳಬಾರದು ನೋಡಿ, ಅದಕ್ಕೊಬ್ಬ ಕಾವಲಿನವನನ್ನು ಇಟ್ಟರು. ಅವನು ಅಚ್ಚುಕಟ್ಟಿನ ಮನುಷ್ಯ. ಮೊದಲ ವರ್ಷ ಕಟ್ಟೆ ಕಟ್ಟಿಸಿದ, ಎರಡನೆಯ ವರ್ಷ ಹೊಸ ರಾಟೆ ಹಾಕಿಸಿದ, ಮೂರನೆಯ ವರ್ಷ ಮುಚ್ಚಳ ಮಾಡಿಸಿದ. ಎಲ್ಲರೂ ಭೇಷ್ ಎಂದರು. ನಾಲ್ಕನೆಯ ವರ್ಷ ಮುಚ್ಚಳಕ್ಕೆ ಬೀಗ ಬಿತ್ತು. ಕೊಡ ಹಿಡಿದು ಬಂದವರು, "ಅಲ್ಲಪ್ಪಾ, ತೋಡಿದ್ದು ನಾವೇ ಅಲ್ವಾ?" ಎಂದರೆ ಕಾವಲಿನವನು ನಗುನಗುತ್ತಲೇ, "ಹೌದಲ್ವಾ ಮತ್ತೆ! ಅದಕ್ಕೇ ನಿಮ್ಮನ್ನ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಲ್ಸಿದೀನಿ" ಎಂದ.

ಆ ಊರಿನಲ್ಲಿ ಬಾವಿಗೆ ಹಗ್ಗ ಹೊಸೆದು ಕೊಡುವವಳೊಬ್ಬಳಿದ್ದಳು. ಇಷ್ಟೆಲ್ಲ ಜಗಳದಲ್ಲಿ ಅವಳನ್ನು ಯಾರೂ ಒಂದು ಮಾತು ಕೇಳಿರಲಿಲ್ಲ.

ಕಥೆ ಸದ್ಯಕ್ಕೆ ಇಲ್ಲಿ ನಿಲ್ಲಬೇಕು. ಯಾಕೆಂದರೆ ಬೆಳಗಿನ ಐದೂಕಾಲು ಆಗಿದೆ, ಹಗ್ಗದವಳು ಕೆಲಸಕ್ಕೆ ಹೊರಟಾಗಿದೆ.

ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಮುಂಭಾಗದಲ್ಲಿ ಹನ್ನೆರಡು ಅಗಲವಾದ ಮೆಟ್ಟಿಲುಗಳಿವೆ, ಗಾಜಿನ ಬಾಗಿಲಿದೆ. ನಮ್ಮ ಹಗ್ಗದವಳು ಅಂಟಕ್ಕ ಬರುವುದು ಹಿಂದಿನಿಂದ, ಸೈಕಲ್ ನಿಲ್ಲಿಸುವ ಸಂದಿಯಲ್ಲಿ ಕೆಳಗಿಳಿಯುವ ಒಂಬತ್ತು ಕಿರಿದಾದ ಮೆಟ್ಟಿಲುಗಳಿಂದ. ಕಾವಲುಗಾರ ಕುರ್ಚಿಯಲ್ಲಿ ತೂಕಡಿಸುತ್ತಲೇ ಕೀಲಿ ಚಾಚುತ್ತಾನೆ.

"ಏನಕ್ಕಾ, ಇವತ್ತೂ ಕೋಳಿಗಿಂತ ಮುಂಚೆನಾ?"

"ಕೋಳಿಗೇನಪ್ಪಾ, ಕೂಗಿ ಸುಮ್ನಾಗುತ್ತೆ. ನನಗೆ ಕೆಲಸ ಇದೆ."

ನೆಲಮಾಳಿಗೆಯ ಆ ಕೋಣೆಯ ಉದ್ದ ಇಪ್ಪತ್ತೆರಡು ಹೆಜ್ಜೆ. ಒಂದು ಗೋಡೆಯ ಪಕ್ಕ ಹಳೆಯ ಕಾಲ ನಿಂತಿದೆ: ಕಾಗದ ಕತ್ತರಿಸುವ ಕಬ್ಬಿಣದ ಯಂತ್ರ, ಚಕ್ರ ತಿರುಗಿಸಿ ಪುಸ್ತಕ ಒತ್ತುವ ಪ್ರೆಸ್ಸು, ದಾರದ ಉಂಡೆಗಳು, ದಾರಕ್ಕೆ ಸವರುವ ಜೇನುಮೇಣದ ತುಂಡು. ಎದುರಿನ ಗೋಡೆಯಲ್ಲಿ ಹೊಸ ಕಾಲ: ಎರಡು ಕಂಪ್ಯೂಟರ್, ಒಂದು ಸ್ಕ್ಯಾನರ್, ಗಾಜಿನ ಬೀರುವಿನಲ್ಲಿ ಮಿಣಿಮಿಣಿ ಎನ್ನುವ ಸರ್ವರ್. ಎರಡು ಕಾಲಗಳ ನಡುವೆ ಒಂದು ಉದ್ದನೆಯ ಮೇಜು. ಅದರ ಮೇಲೆ ಇವತ್ತು ಒಂದೇ ಒಂದು ದಪ್ಪ ಪುಸ್ತಕ ಮಲಗಿದೆ: ರಸ್ತೆ ಸಾರಿಗೆ ಇಲಾಖೆಯ ವಾರ್ಷಿಕ ವರದಿ, ಎರಡನೆಯ ಭಾಗ. ಇಪ್ಪತ್ತೊಂಬತ್ತು ವರ್ಷಗಳಲ್ಲಿ ಅದನ್ನು ಮನೆಗೆ ಒಯ್ದವರು ಯಾರೂ ಇಲ್ಲ. ಹಿಂಬದಿಗೆ ಅಂಟಿಸಿದ ತಾರೀಖಿನ ಚೀಟಿ ಇವತ್ತಿಗೂ ಹಸುಗೂಸಿನ ಅಂಗೈಯಷ್ಟು ಬೆಳ್ಳಗಿದೆ.

"ಏಳಪ್ಪಾ ಮಹಾರಾಯ, ನಿನ್ನನ್ನೂ ಕೇಳ್ಕೊಂಡು ಕೊನೆಗೊಬ್ಬಳು ಬಂದಿದಾಳೆ" ಎನ್ನುತ್ತ ಅಂಟಕ್ಕ ಅದರ ಹಿಂಬದಿಯ ರಟ್ಟನ್ನು ಬಿಡಿಸಿ, ಒಳಮೈ ಮೇಲೆ ಹಿಂಡಿದ ಒದ್ದೆ ಬಟ್ಟೆ ಹಾಸುತ್ತಾರೆ. ಬಟ್ಟೆಯ ಮೇಲೆ ಗಾಜಿನ ಹಲಗೆ. ಇನ್ನು ನಲವತ್ತು ನಿಮಿಷ ಕಾಯಬೇಕು. ಹೆಚ್ಚೆಂದರೆ ಏಳು ಗಂಟೆಯವರೆಗೆ. ಏಳಕ್ಕೆ ಸರ್ವರ್ ಸಲುವಾಗಿ ಎಸಿ ತಾನಾಗಿಯೇ ಶುರುವಾಗುತ್ತದೆ, ಆ ಒಣಗಾಳಿ ತಗುಲಿದರೆ ನೆನೆದ ಕಾಗದ ಸುರುಟಿ ಬಿರಿಯುತ್ತದೆ. ಅದಕ್ಕೇ ಈ ಬೆಳಗಿನ ಜಾವದ ಓಟ. ದಿನಕ್ಕೊಂದು ರಟ್ಟು. ಇದು ನಾಲ್ಕನೆಯದು, ಕೊನೆಯದು. ಗಡುವು ಮುಗಿಯಲು ಇನ್ನು ಮೂರೇ ದಿನ.

ಇದರೊಳಗೆ ಎರಡು ಕಪ್ಪೆಗಳು ಸಿಗಬೇಕು. ಒಂದಲ್ಲ, ಎರಡು. "ಮಗಳು ಹುಟ್ಟೋವಾಗ್ಲೂ ಇಷ್ಟು ಹೆದರಿರ್ಲಿಲ್ಲ" ಎಂದು ಅಂಟಕ್ಕ ತಾವೇ ನಗುತ್ತಾರೆ.

ಬಟ್ಟೆ ನೆನೆಯಲಿ. ಅಷ್ಟರಲ್ಲಿ ಈ ಕಪ್ಪೆಗಳು ಯಾವುವು, ರಟ್ಟಿನೊಳಗೆ ಹೇಗೆ ಹೋದವು ಎಂಬುದನ್ನು ಹೇಳಿಬಿಡಬಹುದು.

ಅಂಟಕ್ಕನಿಗೆ ಈಗ ಐವತ್ತಾರು. ಇಪ್ಪತ್ತನೆಯ ವಯಸ್ಸಿನಲ್ಲಿ ಇದೇ ಒಂಬತ್ತು ಮೆಟ್ಟಿಲಿಳಿದು ಬೈಂಡಿಂಗ್ ವಿಭಾಗಕ್ಕೆ ಸೇರಿದವರು. ಮೊದಲ ವರ್ಷ ಪೂರ್ತಿ ಅವರಿಗೆ ಸಿಕ್ಕ ಕೆಲಸ ಒಂದೇ, ಮೈದಾ ಕಲಸಿ ಅಂಟು ಕಾಯಿಸುವುದು. ಗಂಟಾಗದಂತೆ ತಿರುವಬೇಕು, ಹುಳ ತಿನ್ನದಂತೆ ಚಿಟಿಕೆ ಮೈಲುತುತ್ತ ಹಾಕಬೇಕು, ತಳ ಹಿಡಿದರೆ ಬೈಗುಳ ತಿನ್ನಬೇಕು. ಹೆಸರು ಹಾಗೆ ಅಂಟಿತು. ಈಗ ಕುಲಪತಿಗಳ ಕಚೇರಿಯಿಂದ ಬರುವ ಕಾಗದದ ಮೇಲೂ ಯಾರೋ ಪೆನ್ಸಿಲಿನಲ್ಲಿ "ಅಂಟಕ್ಕನಿಗೆ" ಎಂದು ಗೀಚಿರುತ್ತಾರೆ.

ಬೈದು ಕಲಿಸಿದವರು ಕತ್ತರಿಯಜ್ಜ, ಆಗಿನ ಮುಖ್ಯ ಬೈಂಡರು. ಅವರಿಗೆ ಕತ್ತರಿಯೇ ಆರನೆಯ ಬೆರಳು. ಗ್ರಂಥಾಲಯಕ್ಕೆ ಮೂರು ತಿಂಗಳಿಗೊಮ್ಮೆ ತೆಳ್ಳಗೆ ಬರುವ ಸಂಶೋಧನಾ ಪತ್ರಿಕೆಗಳನ್ನು ವರ್ಷದ ಕೊನೆಗೆ ನಾಲ್ಕೂ ಸೇರಿಸಿ ಒಂದು ಸಂಪುಟ ಮಾಡಿ ಹೊಲಿಯುವುದು ಅವರ ಕೆಲಸ. ಹೊಲಿಯುವ ಮೊದಲು ಒಂದು ನಿಯಮ. ಮುಖಪುಟಗಳನ್ನೂ ಜಾಹೀರಾತಿನ ಹಾಳೆಗಳನ್ನೂ ಕತ್ತರಿಸಿ ಬಿಸಾಡಬೇಕು. ಎಲ್ಲ ಗ್ರಂಥಾಲಯಗಳಲ್ಲೂ ಹಾಗೇ. ಲೇಖನ ಉಳಿದರೆ ಸಾಕು, ಕಪಾಟಿನಲ್ಲಿ ಬೆರಳಗಲ ಜಾಗ ಉಳಿಯುತ್ತದೆ.

ಅಂಟಕ್ಕ ಒಬ್ಬರೇ ಹೊಲಿದ ಮೊದಲ ಸಂಪುಟ ಕಪ್ಪೆ ಪತ್ರಿಕೆಯದು. ಅದೇ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರದ ಅಧ್ಯಾಪಕಿಯೊಬ್ಬರು ಗೆಳೆಯರನ್ನು ಕಟ್ಟಿಕೊಂಡು ಶುರು ಮಾಡಿದ ಪತ್ರಿಕೆ ಅದು. ಕಪ್ಪೆ, ಗೊದಮೊಟ್ಟೆ, ಕೆರೆ, ಕುಂಟೆ ಬಿಟ್ಟರೆ ಅದರಲ್ಲಿ ಬೇರೆ ಸುದ್ದಿಯೇ ಇಲ್ಲ. ಆ ಅಧ್ಯಾಪಕಿಯನ್ನು ವಿದ್ಯಾರ್ಥಿಗಳು ಬೆನ್ನ ಹಿಂದೆಯೂ ಎದುರಿಗೂ ಕಪ್ಪೆಯಮ್ಮ ಎಂದೇ ಕರೆಯುತ್ತಿದ್ದರು. ಪ್ರತಿ ಸಂಚಿಕೆಯ ಮುಖಪುಟಕ್ಕೂ ಅವರೇ ಮಸಿಯಲ್ಲಿ ಒಂದು ಕಪ್ಪೆ ಬರೆಯುತ್ತಿದ್ದರು. ಒಂದರಂತೆ ಇನ್ನೊಂದಿಲ್ಲ.

"ಕತ್ತರಿ ಕೈಗೆ ತಗೊಂಡೆ. ಆ ಕಪ್ಪೆ ಕಣ್ಣು ಬಿಟ್ಕೊಂಡು ನನ್ನೇ ನೋಡ್ತಿತ್ತು" ಎಂದು ಅಂಟಕ್ಕ ನೆನೆಯುತ್ತಾರೆ. "ಕೈ ಬರ್ಲಿಲ್ಲ. ನಾಲ್ಕಕ್ಕೆ ನಾಲ್ಕನ್ನೂ ಸೇರ್ಸಿ ಹೊಲಿದುಬಿಟ್ಟೆ."

ಸಂಪುಟ ದಪ್ಪವಾಯಿತು, ಕಪಾಟಿನಲ್ಲಿ ಕೂರಲಿಲ್ಲ. ಕತ್ತರಿಯಜ್ಜ ಕೋಣೆ ಹಾರಿಹೋಗುವಂತೆ ಕೂಗಿದರು: "ಪುಸ್ತಕ ಕಟ್ಟೋಕೆ ಬಂದಿದೀಯೋ, ಮದುಮಗಳಿಗೆ ಸೀರೆ ಉಡ್ಸೋಕೆ ಬಂದಿದೀಯೋ?" ಹೊಲಿಗೆ ಬಿಚ್ಚಿಸಿದರು. ಅಂಟಕ್ಕ ಕಣ್ಣೊರೆಸಿಕೊಂಡು ಜಾಹೀರಾತಿನ ಹಾಳೆ, ಮುಖಪುಟ ಎಲ್ಲ ಕತ್ತರಿಸಿದರು. ಆದರೆ ಕಪ್ಪೆಗಳನ್ನು ಬಿಸಾಡಲಿಲ್ಲ. ನಾಲ್ಕನ್ನೂ ಒಟ್ಟಿಗೆ ಸಂಪುಟದ ಕಟ್ಟಕಡೆಗೆ, ಒಂದು ಖಾಲಿ ಹಾಳೆಯ ಹಿಂದೆ, ಗುಟ್ಟಾಗಿ ಹೊಲಿದಿಟ್ಟರು. ಮರುವರ್ಷವೂ ಹಾಗೇ ಮಾಡಿದರು. ಅದರ ಮರುವರ್ಷವೂ. ತಪ್ಪು ಹಾಗೇ ಅಭ್ಯಾಸವಾಯಿತು.

ಇಪ್ಪತ್ತೆರಡು ವರ್ಷ ಕಪ್ಪೆ ಪತ್ರಿಕೆ ಗೆಳೆಯರ ಕೈಯಲ್ಲೇ ನಡೆಯಿತು. ಆಮೇಲೆ ಅಂಚೆ, ಅಚ್ಚು, ಓಡಾಟ ಯಾರಿಗೂ ಆಗದೆ ಒಂದು ದೊಡ್ಡ ಪ್ರಕಾಶನ ಸಂಸ್ಥೆಗೆ ಒಪ್ಪಿಸಿದರು. ಸಂಸ್ಥೆಯವರು ಪತ್ರಿಕೆಯನ್ನು ಅಂದವಾಗಿ ತಂದರು, ಜಗತ್ತಿಗೆಲ್ಲ ಕಾಣುವಂತೆ ಪರದೆಯ ಮೇಲೆ ಇಟ್ಟರು. ಹಳೆಯದನ್ನೂ ಇಡುತ್ತೇವೆಂದು ಕಪ್ಪೆಯಮ್ಮನ ಮನೆಯಲ್ಲಿದ್ದ ಪ್ರತಿಗಳನ್ನು ಒಯ್ದು, ಬೆನ್ನು ಕೊಯ್ದು, ಸ್ಕ್ಯಾನ್ ಮಾಡಿದರು. ಪ್ರತಿಗಳು ವಾಪಸ್ಸು ಬರಲಿಲ್ಲ. ಸ್ಕ್ಯಾನಿನಲ್ಲೂ ಬರೀ ಲೇಖನ. ಮುಖಪುಟಗಳನ್ನು ಅಲ್ಲೂ ಬಿಟ್ಟಿದ್ದರು. ಬರೆಯುವವರು, ಬರೆದದ್ದನ್ನು ತಿದ್ದಿ ಅಭಿಪ್ರಾಯ ಹೇಳುವವರು, ಸಂಪಾದಕರು, ಎಲ್ಲರೂ ವಿಶ್ವವಿದ್ಯಾಲಯದವರೇ, ಎಲ್ಲರದ್ದೂ ಬಿಟ್ಟಿ ಚಾಕರಿ. ಅದೇ ಬರಹವನ್ನು ಓದಲು ಅದೇ ವಿಶ್ವವಿದ್ಯಾಲಯದ ಗ್ರಂಥಾಲಯ ವರ್ಷವರ್ಷವೂ ಏರುವ ಚಂದಾ ಕಟ್ಟಬೇಕು. ಬಾವಿಯ ಕಥೆ ಈಗ ಅರ್ಥವಾಗಿರಬೇಕು.

ಪತ್ರಿಕೆಗಳೆಲ್ಲ ಪರದೆಗೆ ಏರಿದ ಮೇಲೆ ಹೊಲಿಯಲು ಏನೂ ಉಳಿಯಲಿಲ್ಲ. ಎಂಟು ವರ್ಷಗಳ ಹಿಂದೆ ಬೈಂಡಿಂಗ್ ವಿಭಾಗ ಮುಚ್ಚಿತು. ಕತ್ತರಿಯಜ್ಜ ಎಂದೋ ನಿವೃತ್ತರಾಗಿದ್ದರು. ಅಂಟಕ್ಕನನ್ನು ಬಾಗಿಲಲ್ಲಿ ಚೀಲ ಇಸಿದುಕೊಳ್ಳುವ ಜಾಗಕ್ಕೆ ಹಾಕಿದರು. "ಆ ಎರಡು ವರ್ಷ ಎಣಿಸ್ಬೇಡಿ" ಎನ್ನುತ್ತಾರೆ ಅವರು. "ಕೈಗೆ ಕೆಲಸ ಇಲ್ದೇ ಇದ್ರೆ ನನಗೆ ನಿದ್ದೇನೂ ಬರಲ್ಲ, ಹಸಿವೂ ಆಗಲ್ಲ. ಮನೇಲಿ ಮಗಳ ಹಳೇ ನೋಟ್‌ಪುಸ್ತಕಾನೆಲ್ಲ ಬಿಚ್ಚಿಬಿಚ್ಚಿ ಹೊಲಿದೆ."

ಅವರನ್ನು ಮತ್ತೆ ನೆಲಮಾಳಿಗೆಗೆ ಕರೆತಂದವರು ಈಗಿನ ಗ್ರಂಥಪಾಲಕಿ. ನಲವತ್ತೈದರ ಚುರುಕು ಹೆಂಗಸು, ಮಾತು ಪಟಪಟ. ಆರು ವರ್ಷಗಳ ಹಿಂದೆ, ಏರುವ ಚಂದಾಕ್ಕೆ ಬೇಸತ್ತು, ಕಪ್ಪೆ ಪತ್ರಿಕೆಯ ಸಂಪಾದಕರೆಲ್ಲ ಒಂದೇ ದಿನ ರಾಜೀನಾಮೆ ಬರೆದು ಆಚೆ ಬಂದಾಗ, ಇವರು ಬಾಗಿಲು ತೆರೆದು ಹೇಳಿದರಂತೆ: "ಬನ್ನಿ, ಗ್ರಂಥಾಲಯವೇ ಪ್ರಕಾಶಕ ಆಗುತ್ತೆ." ಹಳೆಯ ಹೆಸರು ಸಂಸ್ಥೆಯ ಕೈಯಲ್ಲಿ ಉಳಿಯಿತು. ಹೊಸ ಹೆಸರಿನಲ್ಲಿ ಪತ್ರಿಕೆ ನೆಲಮಾಳಿಗೆಯಿಂದ ಹೊರಟಿತು, ಯಾರು ಬೇಕಾದರೂ ಬಿಟ್ಟಿಯಾಗಿ ಓದುವಂತೆ.

"ಪ್ರಕಾಶಕರ ಮೇಲೆ ನನಗೆ ದ್ವೇಷ ಇಲ್ಲಪ್ಪ" ಎನ್ನುತ್ತಾರೆ ಗ್ರಂಥಪಾಲಕಿ. "ಇವತ್ತಿಗೂ ಅವರ ಹತ್ರ ನೂರಾರು ಪತ್ರಿಕೆ ತರಿಸ್ತೀವಿ, ಜಗಳ ಆಡ್ತಾನೇ ತರಿಸ್ತೀವಿ. ಅವರ ಅಂಗಡಿ ಅವರು ಇಟ್ಕೊಳ್ಲಿ. ನಮ್ಮ ಹಿತ್ತಲಲ್ಲಿ ಬೆಳೆದಿದ್ದನ್ನ ಹಂಚೋಕೆ ನಮಗೆ ಅವರ ಚೀಟಿ ಯಾಕೆ?"

ಪುಟ ಕಟ್ಟುವವರು ಬೇಕಾಗಿತ್ತು. ಅಂಟಕ್ಕ ಐವತ್ತರ ವಯಸ್ಸಿನಲ್ಲಿ ಮೌಸ್ ಹಿಡಿದರು. ಮೊದಲ ವಾರ ಅದು ಇಲಿಯಂತೆಯೇ ಓಡಿತು. ಆಮೇಲೆ ಹತೋಟಿಗೆ ಬಂತು. ಯಾಕೆಂದರೆ ಪುಟ ಎಂದರೇನು ಎಂಬುದು ಅವರಿಗೆ ಬೆರಳಲ್ಲೇ ಗೊತ್ತು: ಎಡಕ್ಕೆ ಎಷ್ಟು ಬಿಳಿ ಬಿಡಬೇಕು, ಚಿತ್ರ ಎಲ್ಲಿ ಕೂತರೆ ಕಣ್ಣಿಗೆ ಹಿತ. ಈಗ ಮೂರು ಪತ್ರಿಕೆಗಳು ಈ ಕೋಣೆಯಿಂದ ಹೊರಡುತ್ತವೆ. ದಿನಕ್ಕೆ ಹದಿನಾಲ್ಕು ಪುಟ ಜೋಡಿಸುತ್ತಾರೆ, ಮುನ್ನೂರಿಪ್ಪತ್ತು ಹಳೆಯ ಪುಟ ಸ್ಕ್ಯಾನ್ ಮಾಡುತ್ತಾರೆ, ಎರಡು ಲೋಟ ಚಹಾ ಕುಡಿಯುತ್ತಾರೆ. ಮೂರನೆಯದು ಆರಿಹೋಗಿ ಮೇಜಿನ ಮೇಲೇ ಇರುತ್ತದೆ. ಪ್ರೊಫೆಸರುಗಳು ಕಳಿಸುವ ಲೇಖನದಲ್ಲಿ ಹನ್ನೆರಡನೆಯ ಚಿತ್ರ ಆದ ಮೇಲೆ ಹದಿನಾಲ್ಕನೆಯದು ಬಂದರೆ ಫೋನು ಹೋಗುತ್ತದೆ: "ಸಾರ್, ಹದಿಮೂರನ್ನ ಎಲ್ಲಿ ಕಳ್ಕೊಂಡ್ರಿ? ಜೇಬು ನೋಡಿ." ಲೇಖನದ ಮೇಲೆ ಅವರ ಹೆಸರು ಎಲ್ಲೂ ಇರುವುದಿಲ್ಲ.

ಹೀಗೆ ನಡೆಯುತ್ತಿರುವಾಗ, ಎರಡು ತಿಂಗಳ ಹಿಂದೆ, ಕೋಲೂರಿಕೊಂಡು ಒಂಬತ್ತು ಮೆಟ್ಟಿಲಿಳಿದು ಬಂದರು ಕಪ್ಪೆಯಮ್ಮ. ಈಗ ಎಂಬತ್ತೊಂದು. ಮುಖ ಕೆಂಡದಂತೆ ಕೆಂಪಾಗಿತ್ತು.

ಆಗಿದ್ದಿಷ್ಟು. ದೂರದ ಯಾವುದೋ ಶಾಲೆಯ ಮೇಷ್ಟ್ರೊಬ್ಬರು ಅವರಿಗೆ ಪತ್ರ ಬರೆದಿದ್ದರು: ನಮ್ಮೂರ ಹಳೆಯ ಕಲ್ಲುಕ್ವಾರಿಯಲ್ಲಿ ನೀರು ನಿಂತು ಕಪ್ಪೆಗಳು ಬಂದಿವೆ, ಮಕ್ಕಳು ದಿನಾ ಅವುಗಳ ಕೂಗನ್ನು ಗಂಟೆ ನೋಡಿ ಬರೆದಿಡುತ್ತಿದ್ದಾರೆ, ಕ್ವಾರಿಯ ಕಪ್ಪೆಗಳ ಕೂಗಿನ ಬಗ್ಗೆ ತಾವು ಹಿಂದೆ ಬರೆದ ಲೇಖನ ಎಲ್ಲಿ ಸಿಗುತ್ತದೆ, ತೆರೆಯಲು ಹೋದರೆ ದುಡ್ಡು ಕೇಳುತ್ತಿದೆ ಎಂದು. ಕಪ್ಪೆಯಮ್ಮ ತಾವೇ ತೆರೆಯಲು ಹೋದರು. ಏಳನೆಯ ಸಂಪುಟ, ಮೂರನೆಯ ಸಂಚಿಕೆ. ಎರಡು ವರ್ಷ ಕ್ವಾರಿಯ ದಂಡೆಯಲ್ಲಿ ಟಾರ್ಚು ಹಿಡಿದು ಕೂತು ಬರೆದ ಲೇಖನ. ಪರದೆ ಅವರನ್ನೂ ದುಡ್ಡು ಕೇಳಿತು.

"ನನ್ನ ಕಪ್ಪೆ ನೋಡೋಕೆ ನಾನೇ ಟಿಕೆಟ್ ತಗೋಬೇಕೇನೇ?" ಎಂದು ಅವರು ಕೋಲು ಕುಟ್ಟಿದರು.

"ಕೂತ್ಕೊಳಿ ಅಮ್ಮಾ, ನೀರು ಕುಡೀರಿ" ಎಂದರು ಅಂಟಕ್ಕ. ಮತ್ತೆ ಏನು ತೋಚಿತೋ, ಯಾರನ್ನೂ ಕೇಳದೆ ಮಾತು ಕೊಟ್ಟುಬಿಟ್ಟರು: "ಆ ಬೀಗದಿಂದ ನಿಮ್ಮ ಕಪ್ಪೆಗಳನ್ನ ನಾನು ಆಚೆ ತರ್ತೀನಿ. ನೀವು ನಿಮ್ಮ ಫೋನಿನಲ್ಲಿ ಒತ್ತಬೇಕು, ಅದು ತೆರೀಬೇಕು. ಅಲ್ಲೀವರೆಗೂ ನನ್ನ ಅಂಟಕ್ಕ ಅನ್ಬೇಡಿ."

ಮಾತು ಕೊಡುವುದು ಸುಲಭ. ಗ್ರಂಥಪಾಲಕಿ ಸಂಸ್ಥೆಗೆ ಪತ್ರ ಬರೆದರು: ಮೊದಲ ಇಪ್ಪತ್ತೆರಡು ವರ್ಷದ ಲೇಖನಗಳು ಬರೆದವರವೇ, ನಾವು ಅವನ್ನು ಎಲ್ಲರಿಗೂ ತೆರೆದಿಡುತ್ತೇವೆ. ಉತ್ತರ ಬಲು ವಿನಯದಿಂದ ಬಂತು. ಹಾಗಂತ ಎಲ್ಲಿ ಬರೆದಿದೆ, ದಯವಿಟ್ಟು ತೋರಿಸಿ. ಯಾವ ಸಂಚಿಕೆಯಲ್ಲಿ ತೋರಿಸುತ್ತೀರೋ ಆ ಸಂಚಿಕೆಯ ತಂಟೆಗೆ ನಾವು ಬರುವುದಿಲ್ಲ. ತೋರಿಸದ್ದು ನಮ್ಮಲ್ಲೇ ಇರುತ್ತದೆ. ನಲವತ್ತು ದಿನ ಸಮಯ.

"ಬರೆದಿತ್ತು! ಪ್ರತಿ ಸಂಚಿಕೆಯಲ್ಲೂ ನಾನೇ ಬರೆಸ್ತಿದ್ದೆ" ಎಂದರು ಕಪ್ಪೆಯಮ್ಮ. ಎಲ್ಲಿ ಎಂದರೆ, ಮುಖಪುಟದ ಒಳಮೈಯಲ್ಲಿ. ಜಗತ್ತಿನ ಗ್ರಂಥಾಲಯಗಳೆಲ್ಲ ಕತ್ತರಿಸಿ ಬಿಸಾಡಿದ ಅದೇ ಮುಖಪುಟದ ಒಳಮೈಯಲ್ಲಿ.

ಗ್ರಂಥಪಾಲಕಿ ತಲೆ ಮೇಲೆ ಕೈಹೊತ್ತು ಕೂತರು. ಅಂಟಕ್ಕ ಎದ್ದು ಕಪಾಟಿಗೆ ಹೋದರು. ಮೊದಲ ಸಂಪುಟ ತಂದು ಕಟ್ಟಕಡೆಯ ಖಾಲಿ ಹಾಳೆ ಮಗುಚಿದರು. ನಾಲ್ಕು ಕಪ್ಪೆಗಳು. ಕಪ್ಪೆಯ ಬೆನ್ನ ಹಿಂದೆ, ಸಣ್ಣ ಅಕ್ಷರದಲ್ಲಿ, ಮೂವತ್ತಾರು ವರ್ಷಗಳಿಂದ ಯಾರೂ ಓದದ ಸಾಲು: ಇಲ್ಲಿನ ಬರಹದ ಹಕ್ಕು ಬರೆದವರದ್ದೇ. ಓದಲು, ಕಲಿಯಲು, ಕಲಿಸಲು ಯಾರು ಬೇಕಾದರೂ ಇದನ್ನು ಪ್ರತಿ ಮಾಡಿ ಹಂಚಬಹುದು.

"ಮೇಡಂ ಕುರ್ಚಿ ಮೇಲಿಂದ ಎದ್ದು ನನ್ನ ತಬ್ಕೊಂಡ್ರು. ಕೈಯೆಲ್ಲ ಧೂಳಿದೆ ಮೇಡಂ ಅಂದೆ, ಕೇಳ್ಲೇ ಇಲ್ಲ!"

ಸಂಪುಟ ಒಂದಾದ ಮೇಲೊಂದು ಮೇಜಿಗೆ ಬಂತು. ಎಂಬತ್ತೆಂಟು ಸಂಚಿಕೆಗಳಲ್ಲಿ ಎಂಬತ್ನಾಲ್ಕು ಮುಖಪುಟಗಳು ಸಿಕ್ಕವು. ಒಂದೇ ಒಂದು ಸಂಪುಟದ ಕೊನೆಯಲ್ಲಿ ಖಾಲಿ ಹಾಳೆಯೂ ಇಲ್ಲ, ಕಪ್ಪೆಯೂ ಇಲ್ಲ. ಏಳನೆಯದು. ಬೇಕಾಗಿದ್ದದ್ದೇ ಏಳನೆಯದು!

ಇಪ್ಪತ್ತೊಂಬತ್ತು ವರ್ಷಗಳ ಹಿಂದೆ ಆ ಸಂಪುಟ ಕಟ್ಟುವಾಗ ಅಂಟಕ್ಕ ಕೋಣೆಯಲ್ಲಿ ಇರಲಿಲ್ಲ. ಆಸ್ಪತ್ರೆಯಲ್ಲಿ ಮಗಳು ಹುಟ್ಟುತ್ತಿದ್ದಳು. ಮಗಳು ಈಗ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುತ್ತಾಳೆ. ಸುದ್ದಿ ಕೇಳಿ, "ಅಮ್ಮಾ, ಒಂದು ವಾರ ತಡವಾಗಿ ಹುಟ್ಟು ಅಂತ ಹೇಳಿದ್ರೆ ಹುಟ್ತಿದ್ನಲ್ಲ" ಎಂದಳು. ನಕ್ಕರೂ ಸಮಾಧಾನವಾಗಲಿಲ್ಲ. ಗಡುವಿನ ಮೂವತ್ತಮೂರನೆಯ ದಿನ, ಬೇರೆ ದಾರಿ ಕಾಣದೆ, ಅಂಟಕ್ಕ ಕತ್ತರಿಯಜ್ಜನಿಗೆ ಫೋನು ಮಾಡಿದರು. ಅಜ್ಜನಿಗೆ ಎಂಬತ್ತೇಳು. ಕಿವಿ ಮಂದ, ನಾಲಗೆ ಅಲ್ಲ.

"ಏನೇ ಅಂಟು, ಬೈಗುಳ ಸಾಲ್ದೇ ಫೋನ್ ಮಾಡಿದೀಯಾ?"

"ಅಜ್ಜಾ, ನಾನು ಹೆರಿಗೆಗೆ ಹೋದಾಗ ಕಪ್ಪೆ ಪತ್ರಿಕೆ ಕಟ್ಟಿದ್ದು ನೀವೇ ಅಲ್ವಾ? ಆ ಮುಖಪುಟ ಏನು ಮಾಡಿದ್ರಿ?"

"ಕತ್ತರಿಸ್ದೆ."

"ಕತ್ತರಿಸಿ? ಬಿಸಾಡಿದ್ರಾ?"

ಆ ಕಡೆಯಿಂದ ಅಜ್ಜ ಗುಡುಗಿದರು. "ಬಿಸಾಡೋಕೆ ನಾನೇನು ರಾಜನ ಮಗನಾ? ನಿಮಗೆಲ್ಲ ಬಿಸಾಡಿ ಅಂತ ಹೇಳ್ತಿದ್ದೆ, ಸಂಜೆ ಬುಟ್ಟಿ ನಾನೇ ಆರಿಸ್ತಿದ್ದೆ. ಆ ವರ್ಷ ದಪ್ಪ ರಟ್ಟು ಬಂದಿರ್ಲಿಲ್ಲ. ಎರಡು ತೆಳು ರಟ್ಟಿನ ಮಧ್ಯೆ ಗಟ್ಟಿ ಕಾಗದ ಇಟ್ಟು ಅಂಟು ಹಚ್ಚಿ ಒತ್ತಿದ್ರೆ ಕಲ್ಲಾಗುತ್ತೆ. ಮುಂದಿನ ಪುಸ್ತಕಕ್ಕೆ ಹಾಕಿರ್ತೀನಿ, ನೋಡ್ಕೋ."

ಮುಂದಿನ ಪುಸ್ತಕ! ಬೈಂಡಿಂಗ್ ವಿಭಾಗದ ಕೆಲಸದ ಪುಸ್ತಕವನ್ನು ಅಂಟಕ್ಕ ಬೀರುವಿನ ತಳದಿಂದ ಎಳೆದರು. ಕಪ್ಪೆ ಪತ್ರಿಕೆ ಏಳನೆಯ ಸಂಪುಟ. ಅದರ ಕೆಳಗಿನ ಸಾಲಿನಲ್ಲೇ ಅಜ್ಜನ ಗುಂಡು ಅಕ್ಷರ: ರಸ್ತೆ ಸಾರಿಗೆ ಇಲಾಖೆಯ ವಾರ್ಷಿಕ ವರದಿ, ಎರಡು ಭಾಗ. ಎರಡು ಪುಸ್ತಕ, ನಾಲ್ಕು ರಟ್ಟು. ಮೂರನೆಯ ಮಹಡಿಯ ಕೊನೆಯ ಕಪಾಟಿಗೆ ಅಂಟಕ್ಕ ಮೆಟ್ಟಿಲು ಹತ್ತಿದ ವೇಗ ನೋಡಿ ವಿದ್ಯಾರ್ಥಿಗಳು ಪಕ್ಕಕ್ಕೆ ಸರಿದರಂತೆ.

ಮೊದಲ ದಿನ ಮೊದಲ ರಟ್ಟಿನೊಳಗೆ ಎರಡನೆಯ ಸಂಚಿಕೆ ಸಿಕ್ಕಿತು. ಮರುದಿನ ಎರಡನೆಯ ರಟ್ಟಿನೊಳಗೆ ಮೊದಲನೆಯದು. ಮೂರನೆಯ ರಟ್ಟಿನೊಳಗೆ ಕಪ್ಪೆ ಇರಲಿಲ್ಲ. ಯಾವುದೋ ಸೋಪಿನ ಜಾಹೀರಾತಿನ ಹೆಂಗಸು ನೊರೆಯ ನಡುವೆ ನಗುತ್ತಿದ್ದಳು. "ಅವಳ ಮೇಲೆ ನನಗೆ ಬಂದ ಸಿಟ್ಟು!" ಎನ್ನುತ್ತಾರೆ ಅಂಟಕ್ಕ. ಈಗ ಉಳಿದದ್ದು ಒಂದು ರಟ್ಟು. ಬೇಕಾದದ್ದು ಎರಡು ಮುಖಪುಟ, ಮೂರು ಮತ್ತು ನಾಲ್ಕು. ಇಲ್ಲಿಯವರೆಗೆ ಒಂದು ರಟ್ಟಿಗೆ ಒಂದೇ ಹಾಳೆ ಸಿಕ್ಕಿದೆ.

ಆರು ಹತ್ತು. ಬಟ್ಟೆ ನೆನೆದಿದೆ.

ಅಂಟಕ್ಕ ಗಾಜಿನ ಹಲಗೆ ಎತ್ತಿಡುತ್ತಾರೆ. ಅಂಚಿಗೆ ಉಗುರು ತಾಗಿಸಿ ನೋಡುತ್ತಾರೆ. "ಇದೇ ಈಗಿನ ಅಂಟಾಗಿದ್ರೆ ಕಥೆ ಮುಗೀತಿತ್ತು. ಅದು ಹಿಡಿದ್ರೆ ಬಿಡಲ್ಲ. ಮೈದಾ ಅಂಟು ದೊಡ್ಡ ಮನಸ್ಸಿಂದು, ನೀರು ಕೊಟ್ಟು ಕೇಳಿದ್ರೆ ಬಿಡುತ್ತೆ." ಕಾಗದ ಮಡಿಸುವ ಮೂಳೆಯ ಚಪ್ಪಟೆ ಕಡ್ಡಿಯನ್ನು ಎರಡು ಪದರದ ನಡುವೆ ತೂರಿಸುತ್ತಾರೆ. ಕೂದಲೆಳೆಯಷ್ಟು ಮುಂದಕ್ಕೆ. ಇನ್ನೊಂದು ಕೂದಲೆಳೆ. ಮಗಳು ತನ್ನ ಅಂಗಡಿಯಿಂದ ತಂದುಕೊಟ್ಟ ಭೂತಗನ್ನಡಿ ಹಣೆಗೆ ಕಟ್ಟಿಕೊಂಡಿರುವುದರಿಂದ ಅವರ ಕಣ್ಣುಗಳೇ ಕಪ್ಪೆಯ ಕಣ್ಣುಗಳಂತೆ ಕಾಣುತ್ತಿವೆ.

ಮೇಲಿನ ರಟ್ಟು ಹಲಸಿನ ತೊಳೆಯಂತೆ ಬಿಡಿಸಿಕೊಂಡು ಬರುತ್ತದೆ. ಒಳಗೆ ಕಾಗದ. ಕಾಗದದ ಮೇಲೆ ಸಣ್ಣ ಅಕ್ಷರ. ಇಲ್ಲಿನ ಬರಹದ ಹಕ್ಕು ಬರೆದವರದ್ದೇ. ಮೇಲ್ಗಡೆ: ಸಂಪುಟ ಏಳು, ಸಂಚಿಕೆ ನಾಲ್ಕು.

ಅಂಟಕ್ಕನ ಮುಖ ಅರಳಿ ಅರ್ಧದಲ್ಲೇ ನಿಲ್ಲುತ್ತದೆ. ನಾಲ್ಕು. ಮೂರು ಅಲ್ಲ.

ಆದರೂ ಹಾಳೆಯನ್ನು ಕೆಳಗಿನ ರಟ್ಟಿನಿಂದ ಮೆಲ್ಲನೆ ಎಬ್ಬಿಸುತ್ತಾರೆ, ಸಿಕ್ಕಿದ್ದನ್ನಾದರೂ ಉಳಿಸಿಕೊಳ್ಳೋಣ ಎಂಬಂತೆ. ಎತ್ತಿದಾಗ ಬೆರಳು ತಡೆಯುತ್ತದೆ. ಹೆಬ್ಬೆರಳಿನಿಂದ ಅಂಚು ಸವರಿ ನೋಡುತ್ತಾರೆ. ದಪ್ಪ. ಒಂದು ಹಾಳೆಗೆ ಇರಬೇಕಾದ್ದಕ್ಕಿಂತ ದಪ್ಪ. ಮೂವತ್ತಾರು ವರ್ಷ ಕಾಗದ ಮುಟ್ಟಿದ ಬೆರಳು ಸುಳ್ಳು ಹೇಳುವುದಿಲ್ಲ. ಮಗುಚುತ್ತಾರೆ. ಆ ಕಡೆ ಕಪ್ಪೆ ಇರಬೇಕಿತ್ತು. ಕಪ್ಪೆ ಇಲ್ಲ. ಆ ಕಡೆಯೂ ಅಕ್ಷರ! ಸಂಪುಟ ಏಳು, ಸಂಚಿಕೆ ಮೂರು.

"ಅಯ್ಯೋ ಅಜ್ಜಾ!" ಎಂಬ ಕೂಗು ನೆಲಮಾಳಿಗೆಯಿಂದ ಹೊರಟು ಸೈಕಲ್ ಸಂದಿ ದಾಟುತ್ತದೆ. ಕಾವಲುಗಾರ ಲಾಠಿ ಹಿಡಿದು ಓಡಿಬರುತ್ತಾನೆ.

"ಏನಾಯ್ತಕ್ಕಾ? ಕಳ್ಳನಾ?"

"ಕಪ್ಪೆ ಕಣೋ, ಕಪ್ಪೆ! ಎರಡು!"

"ಓಡಿಸ್ಲಾ?"

ಅಜ್ಜ ಎರಡು ಮುಖಪುಟಗಳನ್ನು ಚಿತ್ರಕ್ಕೆ ಚಿತ್ರ ಕೂಡಿಸಿ ಅಂಟಿಸಿದ್ದರು. ಇಪ್ಪತ್ತೊಂಬತ್ತು ವರ್ಷ ಎರಡು ಕಪ್ಪೆಗಳು ಮುಖಕ್ಕೆ ಮುಖ ಇಟ್ಟುಕೊಂಡು ಕತ್ತಲಲ್ಲಿ ಕೂತಿದ್ದವು. "ಗಂಡ ಹೆಂಡ್ತಿ ಕೂಡ ಇಷ್ಟು ವರ್ಷ ಹಿಂಗೆ ಕೂರಲ್ಲ ಬಿಡು" ಎನ್ನುತ್ತ ಅಂಟಕ್ಕ ಅವುಗಳ ನಡುವೆ ನೀರು ತೊಟ್ಟಿಕ್ಕಿಸಿ, ಕಡ್ಡಿ ತೂರಿಸಿ, ಬೇರೆ ಮಾಡುತ್ತಾರೆ. ಒಂದರ ಮಸಿ ಇನ್ನೊಂದರ ಬೆನ್ನಿಗೆ ಚೂರು ಹತ್ತಿದೆ, ಅಷ್ಟೇ. ಆರು ಐವತ್ತಕ್ಕೆ ಎರಡೂ ಸ್ಕ್ಯಾನರಿನ ಗಾಜಿನ ಮೇಲಿವೆ. ಏಳಕ್ಕೆ ಎಸಿ ಹೂಂಕರಿಸುವಾಗ ಅವು ಒತ್ತು ಕಾಗದದ ನಡುವೆ ಭಾರದ ಕೆಳಗೆ ಮಲಗಿವೆ. ಎಂಟಕ್ಕೆ ಬಂದ ಗ್ರಂಥಪಾಲಕಿ, "ಸದ್ದು ಮಾಡಬೇಡಿ" ಎಂಬ ಫಲಕದ ಕೆಳಗೇ ನಿಂತು ಸಿಳ್ಳೆ ಹೊಡೆಯುತ್ತಾರೆ.

ಎಂಬತ್ತೆಂಟು ಮುಖಪುಟಗಳ ಸ್ಕ್ಯಾನೂ ಅವತ್ತೇ ಸಂಸ್ಥೆಗೆ ಹೋಗುತ್ತದೆ, ಉತ್ತರ ನಾಲ್ಕು ದಿನಕ್ಕೆ ಬರುತ್ತದೆ. ಅದೇ ವಿನಯ, ಎರಡೇ ಸಾಲು. ಎಂಬತ್ತೆಂಟು ಸಂಚಿಕೆಗಳನ್ನೂ ನೋಡಿದ್ದೇವೆ, ನಮ್ಮ ಆಕ್ಷೇಪ ಇಲ್ಲ. ಕೊನೆಯಲ್ಲಿ ಸಹಿ ಹಾಕಿದವರು ಪೆನ್ನಿನಲ್ಲಿ ಇನ್ನೊಂದು ಸಾಲು ಸೇರಿಸಿದ್ದಾರೆ: ಮುಖಪುಟ ಉಳಿಸಿದವರಿಗೆ ನನ್ನ ನಮಸ್ಕಾರ ತಿಳಿಸಿ. ಗ್ರಂಥಪಾಲಕಿ ಅದನ್ನು ಎರಡು ಸಲ ಗಟ್ಟಿಯಾಗಿ ಓದುತ್ತಾರೆ. "ತಿಳಿಸಾಯ್ತಲ್ಲ, ಈಗ ಕೆಲಸ ನೋಡೋಣ" ಎಂದು ಅಂಟಕ್ಕ ಕಿವಿ ಕೆಂಪು ಮಾಡಿಕೊಂಡು ಪರದೆಯ ಕಡೆ ತಿರುಗುತ್ತಾರೆ.

ಎಂಬತ್ತೆಂಟು ಸಂಚಿಕೆ, ಐದು ಸಾವಿರ ಚಿಲ್ಲರೆ ಪುಟ ಹಿಂದೆಯೇ ಸಿದ್ಧವಾಗಿವೆ. ಪ್ರತಿ ಸಂಚಿಕೆಯ ಮೊದಲಿಗೆ, ಈ ಸಲ ಮುಂದುಗಡೆಯೇ, ಅದರ ಕಪ್ಪೆ ಕೂತಿದೆ. ಕತ್ತರಿಸುವವರು ಯಾರೂ ಇಲ್ಲ. ಪರದೆಯ ಮೇಲಿನ ಕಪಾಟಿನಲ್ಲಿ ಜಾಗಕ್ಕೆ ಬರವಿಲ್ಲ. ಆ ದೂರದ ಶಾಲೆಯ ಮೇಷ್ಟ್ರಿಗೆ ಕೊಂಡಿ ಕಳಿಸಬೇಕೆಂದು ಗ್ರಂಥಪಾಲಕಿ ವಿಳಾಸ ಹಿಡಿದು ಪಕ್ಕದಲ್ಲೇ ನಿಂತಿದ್ದಾರೆ. ಕಪ್ಪೆಯಮ್ಮನನ್ನು ಕೈಹಿಡಿದು ಒಂಬತ್ತು ಮೆಟ್ಟಿಲು ಇಳಿಸಿಕೊಂಡು ಬಂದಾಗಿದೆ. ಫೋನಿನ ಸ್ಪೀಕರಿನಲ್ಲಿ ಕತ್ತರಿಯಜ್ಜ, "ಆಯ್ತೇನೇ? ಇನ್ನೂ ಆಗ್ಲಿಲ್ವಾ? ಕೈ ನಿಧಾನ ನಿಂದು, ಅವತ್ತಿಂದ್ಲೂ" ಎಂದು ಅವಸರ ಮಾಡುತ್ತಿದ್ದಾರೆ.

ಅಂಟಕ್ಕ ಸೆರಗಿಗೆ ಬೆರಳೊರೆಸಿಕೊಂಡು ಗುಂಡಿ ಒತ್ತುತ್ತಾರೆ. ಪರದೆಯಲ್ಲಿ ಹಸಿರು ಪಟ್ಟಿ ಬಲಕ್ಕೆ ಓಡಿ ನಿಲ್ಲುತ್ತದೆ.

"ಈಗ ನೀವಮ್ಮಾ. ನಿಮ್ಮ ಫೋನಿನಲ್ಲಿ."

ಕಪ್ಪೆಯಮ್ಮ ಕನ್ನಡಕ ಹಣೆಗೇರಿಸುತ್ತಾರೆ, ಇಳಿಸುತ್ತಾರೆ. ಸಂಪುಟ ಏಳು. ಸಂಚಿಕೆ ಮೂರು. ಒತ್ತುತ್ತಾರೆ. ಫೋನು ಅವರನ್ನು ಹೆಸರು ಕೇಳುವುದಿಲ್ಲ, ದುಡ್ಡು ಕೇಳುವುದಿಲ್ಲ. ಕ್ವಾರಿಯ ಕಲ್ಲಿನ ಮೇಲೆ ಗಂಟಲು ಉಬ್ಬಿಸಿಕೊಂಡ ಕಪ್ಪೆಯೊಂದು ತೆರೆದುಕೊಂಡು, ಎರಡೂ ಕಣ್ಣು ಬಿಟ್ಟು ಅವರನ್ನೇ ನೋಡುತ್ತದೆ. ಬೆನ್ನ ಮೇಲೆ ಇನ್ನೊಂದು ಕಪ್ಪೆಯ ಮಸಿ ಚೂರು ಹತ್ತಿದೆ.

ತುಂಬ ಹೊತ್ತು ನೋಡಿ ಕಪ್ಪೆಯಮ್ಮ ಹೇಳುತ್ತಾರೆ: "ಕಣ್ಣು ಸ್ವಲ್ಪ ದೊಡ್ಡದಾಗೋಯ್ತು ಅಲ್ವೇನೇ, ಅಂಟಕ್ಕಾ?"

"ಆಗ್ಲಿ ಬಿಡಿ ಅಮ್ಮಾ" ಎನ್ನುತ್ತಾರೆ ಅಂಟಕ್ಕ, ಮೇಜಿನ ಮೇಲೆ ರಟ್ಟು ಕಳಚಿಕೊಂಡು ಮಲಗಿದ್ದ ರಸ್ತೆ ಸಾರಿಗೆ ವರದಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಸೂಜಿಗೆ ದಾರ ಪೋಣಿಸುತ್ತ. "ಆ ಮೊದಲ್ನೇ ಕಪ್ಪೆದು ಸಣ್ಣದಾಗಿದ್ದಿದ್ರೆ ಅವತ್ತೇ ಕತ್ತರಿಸಿ ಬಿಸಾಡಿರ್ತಿದ್ದೆ."